ಬಾದಾಮಿಯಲ್ಲಿ ಹತ್ತನೆಯ ಗಂಡಸು

೧. ಮೆಟ್ಟಿಲಿದ್ದೂ ಹಗ್ಗ

"ಯಜ್ಜಾ, ಇಲ್ಲೆ ಕಲ್ಲಗುಡ್ಡಾ ಏರೋ ಫಾರಿನ್ ಮಂದಿ ಇರ್ತಾರಂತಲ್ಲ, ಎಲ್ಲೆರೀ?"

ಬಾದಾಮಿಯ ಹೊರಗೆ ಸುತ್ತಿ ಸುತ್ತಿ ಮತ್ತೆ ಅದೇ ಜಾಲಿಗಿಡದ ಬುಡಕ್ಕೆ ಬಂದು ನಿಂತಾಗ, ಆಡು ಮೇಯಿಸುತ್ತಿದ್ದ ಮುದುಕನನ್ನು ಹಿಡಿದು ಕೇಳಿದೆ. ಆತ ನನ್ನನ್ನು ನೋಡಲೇ ಇಲ್ಲ. ನನ್ನ ಹಿಂದೆ ಬಿಸಿಲಲ್ಲಿ ಬೆವರುತ್ತ ನಿಂತಿದ್ದ ಕರಿ ಕೋಟು, ಕರಿ ಟೋಪಿ, ಕೆಂಚು ಗಡ್ಡವನ್ನೇ ನೋಡಿದ.

"ಇವರ್ಯಾರು?"

"ಯಹೂದಿ ಮಂದಿ ಗುರುಗಳು."

"ಹಂಗಾದ್ರ ಅಜ್ಜಾರು ಅನ್ನು ಮತ್ತ," ಎಂದವನೇ ಕೋಲು ಕೆಳಗಿಟ್ಟು ಅಡ್ಡಬಿದ್ದ. ನಮ್ಮ ಕಡೆ ಮಠದ ಸ್ವಾಮಿಗಳಿಗೆಲ್ಲ ಅಜ್ಜಾರು ಎನ್ನುವುದು ರೂಢಿ, ವಯಸ್ಸು ಯಾರೂ ಕೇಳುವುದಿಲ್ಲ. ಈ ಅಜ್ಜಾರಿಗೆ ಇಪ್ಪತ್ತೇಳು. ಅವರು ಗಾಬರಿಯಾಗಿ ಹಿಂದೆ ಸರಿದು ಜಾಲಿಮುಳ್ಳಿಗೆ ಕೋಟು ಸಿಕ್ಕಿಸಿಕೊಂಡರು.

ನನಗೆ ಇಂಥವು ಆಗುತ್ತಲೇ ಇರುತ್ತವೆ. ಊರು ಬಾಗಲಕೋಟೆ, ಕಾಲು ಮಾತ್ರ ಅಲ್ಲಿ ನಿಂತಿದ್ದು ಕಡಿಮೆ. ಮಸ್ಕತ್, ನೈರೋಬಿ ಎಂದು ಸುತ್ತಿ, ಇಸ್ರೇಲಿನ ಹೈಫಾದಲ್ಲಿ ಒಬ್ಬ ಮುದುಕಿಯ ಆರೈಕೆಗೆ ಎರಡು ವರ್ಷ ಇದ್ದು, ಈಗ ಪರದೇಶದವರನ್ನು ಬಾದಾಮಿ, ಪಟ್ಟದಕಲ್ಲು ತಿರುಗಿಸುತ್ತೇನೆ. ಆ ಮುದುಕಿ ಕಲಿಸಿದ ಅಡುಗೆಮನೆಯ ಹೀಬ್ರೂ ನನ್ನ ಬಾಯಲ್ಲಿದೆ ಎಂದು ಯಾರೋ ಹೇಳಿದ್ದರಿಂದ ಈ ಗುರು ಹೆಂಡತಿಯನ್ನು ಕರೆದುಕೊಂಡು ಗೋವಾದಿಂದ ನನ್ನನ್ನು ಹುಡುಕಿಕೊಂಡು ಬಂದಿದ್ದರು.

ಅವರ ಕೆಲಸ ವಿಚಿತ್ರದ್ದು. ಬೇರೆಯವರನ್ನು ತಮ್ಮ ಧರ್ಮಕ್ಕೆ ಸೇರಿಸುವುದಲ್ಲ. ತಮ್ಮವರಾಗಿ ಹುಟ್ಟಿಯೂ ಪೂಜೆ, ಪ್ರಾರ್ಥನೆ ಬಿಟ್ಟು ದೇಶ ತಿರುಗುವವರನ್ನು ಹುಡುಕಿ ಹತ್ತಿರ ತರುವುದು. ಅದು ಅವರಲ್ಲಿ ಕರ್ತವ್ಯ. ಅಣ್ಣನ ಕಳೆದುಹೋದ ಎತ್ತನ್ನೇ ತಿರುಗಿ ಹೊಡೆದುಕೊಂಡು ಬರಬೇಕೆಂದು ಶಾಸ್ತ್ರವಿರುವಾಗ, ಕಳೆದುಹೋದ ಅಣ್ಣನನ್ನು ಬಿಡುವುದುಂಟೇ ಎಂದು ಅವರ ವಾದ.

"ಆ ಮಗ್ಗಲಿಗೆ ಅದಾರ ನೋಡವ್ವ," ಮುದುಕ ಕೈ ತೋರಿಸಿದ. "ದಿನಾ ಹಗ್ಗಾ ಕಟಗೊಂಡು ಏರತಾರ, ಇಳೀತಾರ. ಈ ಕಡೆ ಮೆಟ್ಟಲ ಅದಾವು. ಪಾಪ, ಅವರಿಗೆ ಯಾರೂ ಹೇಳಿಲ್ಲ ಕಾಣಸ್ತೈತಿ."

ಹಗ್ಗಕ್ಕೆ ನೇತಾಡುತ್ತಿದ್ದ ನಾಲ್ವರೂ ಯಹೂದಿಗಳೇ. ಅವರಲ್ಲಿ ಒಬ್ಬ ಕೆಳಗಿಳಿದು, ಕೈಯ ಸುಣ್ಣದ ಪುಡಿ ಕೊಡವುತ್ತ ಗುರುವಿಗೆ ನೇರವಾಗಿ ಹೇಳಿದ: "ನನಗೆ ದೇವರು ಬೇಡ. ಆದರೆ ಗುರುವಾರ ಅಪ್ಪನ ತಿಥಿ. ಅಪ್ಪ ಹೋದಮೇಲೆ ಒಮ್ಮೆಯೂ ಅವನಿಗಾಗಿ ಆ ಪ್ರಾರ್ಥನೆ ಹೇಳಿಲ್ಲ. ಈ ವರ್ಷ ಹೇಳಬೇಕೆನಿಸಿದೆ. ಹತ್ತು ಜನ ಸಿಗ್ತಾರಾ?"

ಆ ಪ್ರಾರ್ಥನೆಗೆ ಹತ್ತು ಜನ ಯಹೂದಿ ಗಂಡಸರು ಕೂಡಬೇಕು. ಒಂಬತ್ತಾದರೆ ಆಗದು. ಗುರುವಿನ ಮುಖ ಬೆಳಗಿತು. ಒಬ್ಬ ತಾನಾಗಿ ಬಾಗಿಲು ತಟ್ಟಿದ್ದಾನೆ!

"ಸಿಗ್ತಾರೆ," ಎಂದುಬಿಟ್ಟರು. ಆಮೇಲೆ ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಸಿಗ್ತಾರಾ?"

೨. ಬಸ್‌ಸ್ಟ್ಯಾಂಡಿನಲ್ಲಿ ತಪಾಸಣೆ

ಮರುದಿನ ಬಾದಾಮಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಇಬ್ಬರು ಅಮೆರಿಕದ ಮುದುಕರು ಕೂತಿದ್ದರು. ಗುರು ಹೋಗಿ ಯಹೂದಿಗಳೇ ಎಂದು ಕೇಳಿದರು, ಹೌದೆಂದರು. ಇನ್ನೇನು, ಅಲ್ಲೇ ಮಖಮಲ್ಲಿನ ಚೀಲ ಬಿಚ್ಚಿದರು. ಒಳಗೆ ಎರಡು ಕರಿ ಚರ್ಮದ ಡಬ್ಬಿ, ಉದ್ದ ಪಟ್ಟಿ. ಡಬ್ಬಿಯೊಳಗೆ ಮಂತ್ರ ಬರೆದ ಚೀಟಿ ಇರುತ್ತದೆ. ಒಂದನ್ನು ಎಡತೋಳಿಗಿಟ್ಟು ಪಟ್ಟಿಯನ್ನು ಕೈತುಂಬ ಬಿಗಿಯಾಗಿ ಸುತ್ತಬೇಕು, ಇನ್ನೊಂದನ್ನು ಹಣೆಯ ಮೇಲೆ ಕಟ್ಟಬೇಕು. ಆಮೇಲೆ ಒಂದು ಸಣ್ಣ ಪ್ರಾರ್ಥನೆ.

ಮೊದಲ ಮುದುಕನಿಗೆ ಸುತ್ತಿ ಮುಗಿಯುವುದರೊಳಗೆ ಪಕ್ಕದಲ್ಲಿ ಒಬ್ಬಾಕೆ ಬಂದು ಕೂತು ಕುಪ್ಪಸದ ತೋಳು ಮೇಲೇರಿಸಿದಳು.

"ನಂದೂ ಒಂಚೂರು ನೋಡ್ರಿ. ಹೋದ ವಾರ ಬಿ.ಪಿ. ಭಾಳ ಆಗಿತ್ತು."

ಆಕೆಯ ಹಿಂದೆ ತಲೆಗೆ ಪಟಕಾ ಸುತ್ತಿದ ಒಬ್ಬ. ಅವನ ಹಿಂದೆ ಕಂಡಕ್ಟರ್. ನೋಡನೋಡುತ್ತ ಪಾಳಿಯ ಸಾಲು ಪೇಪರ್ ಅಂಗಡಿ ದಾಟಿತು.

"ಇದು ಬಿ.ಪಿ. ಅಲ್ರಿ, ಇದು ಅವರ ಪೂಜಿ," ಎಂದೆ.

"ಪೂಜಿ ಆದ್ರ ಪೂಜಿ. ಪುಕಟ್ ಐತಿಲ್ಲೋ?" ಎಂದ ಪಟಕಾದವ. "ಕೈಗೆ ಕಟ್ಟಿದ್ದು ತಿಳೀತು. ತಲಿಗೆ ಕಟ್ಟಿದ್ದು ಏನ ನೋಡ್ತದ?"

"ಟೆನ್ಶನ್," ಎಂದ ಕಂಡಕ್ಟರ್, ತಿಳಿದವನಂತೆ.

ಅಷ್ಟರಲ್ಲಿ ಆ ಅಮೆರಿಕದ ಮುದುಕನಿಗೆ ಏನು ನೆನಪಾಯಿತೋ. ಬಾಲ್ಯದಲ್ಲಿ ಕಟ್ಟಿಕೊಂಡಿದ್ದು, ಆಮೇಲೆ ಮುಟ್ಟಿರಲಿಲ್ಲವಂತೆ. ಕಣ್ಣಲ್ಲಿ ಬಳಬಳ ನೀರು. ಗುರುವಾರ ಬರುತ್ತೇವೆ ಎಂದು ಇಬ್ಬರೂ ಗುರುವಿನ ಕೈ ಹಿಡಿದುಕೊಂಡರು.

ತೋಳು ಏರಿಸಿಕೊಂಡು ಕೂತಾಕೆ ನನ್ನ ಮೊಳಕೈ ತಿವಿದಳು. "ಭಾಳ ಏರೇತಿ ಪಾಪ. ಉಪ್ಪು ಬಿಡು ಅಂತ ಹೇಳವಾ ಅವಗ."

೩. ಎತ್ತಿನ ರಜೆ

ನಾಲ್ವರು ಹಗ್ಗದವರು, ಇಬ್ಬರು ಮುದುಕರು, ಗುರು. ಇನ್ನೂ ಮೂವರು ಬೇಕು. ಇಳಕಲ್ಲಿನಲ್ಲಿ ಸೀರೆ ನೇಯುವುದನ್ನು ಕಲಿಯುತ್ತ ಇಬ್ಬರು ಯಹೂದಿ ಹುಡುಗರಿದ್ದಾರೆ ಎಂದು ಸುದ್ದಿ ಸಿಕ್ಕಿತು. ಬಾಡಿಗೆ ಗಾಡಿ ಮಾಡಿಕೊಂಡು ಹೊರಟೆವು.

ಡ್ರೈವರ್ ಬಾದಾಮಿಯವನೇ. ಗುರು ಕರಿ ಟೋಪಿಯ ಕೆಳಗೆ ಹಾಕುವ ಸಣ್ಣ ಟೋಪಿ ಅವನಿಗೆ ಬಹಳ ಹಿಡಿಸಿತು, ಒಂದನ್ನು ಕೇಳಿ ಇಸಿದುಕೊಂಡ. ದಾರಿಯಲ್ಲಿ ಶನಿವಾರದ ಮಾತು ಬಂತು. ಶನಿವಾರ ಅವರಲ್ಲಿ ಗಾಡಿ ಹೊಡೆಯುವಂತಿಲ್ಲ, ಒಲೆ ಹಚ್ಚುವಂತಿಲ್ಲ, ಫೋನ್ ಎತ್ತುವಂತಿಲ್ಲ ಎಂದೆ.

ಡ್ರೈವರ್ ಗಾಡಿಯನ್ನು ಬದಿಗೆ ನಿಲ್ಲಿಸಿದ. "ಮಾಲಕ ಫೋನ್ ಮಾಡಿದ್ರೂ?"

"ಮಾಡಿದ್ರೂ."

"ಅಕ್ಕಾರ, ನನ್ನೂ ಸೇರಿಸ್ಕೋ ಅಂತ ಹೇಳ್ರಿ."

ಹೇಳಿದೆ. ಗುರು ಸಮಾಧಾನದಿಂದ ತಲೆಯಾಡಿಸಿದರು: "ಬೇಡ. ನೀನು ಈಗಿರುವಂತೆಯೇ ಒಳ್ಳೆಯವನಾಗಿರು, ಸಾಕು."

ಹುನಗುಂದದಲ್ಲಿ ಚಹಾ ಕುಡಿಯುವಾಗ ಮತ್ತೆ ಕೇಳಿದ. ಮತ್ತೆ ಬೇಡ. ತಾವಾಗಿ ಬಂದವರನ್ನು ಮೊದಲು ವಾಪಸು ಕಳಿಸುವುದೇ ಅವರ ಪದ್ಧತಿ ಎಂದು ನಾನು ತಿಳಿಸಿದೆ. ಡ್ರೈವರಿಗೆ ಸಿಟ್ಟು ಬಂತು.

"ಗುಡ್ಡಕ್ಕ ಜೋತಾಡಾಂವ ಬ್ಯಾಡ ಅಂತಾನ, ಅವಗ ಬಾ ಬಾ ಅಂತಾರ. ನಾ ಬರ್ತೇನಿ ಅಂತೇನಿ, ನನಗ ಹೋಗು ಅಂತಾರ. ಬಾಗಲಕ ಬಂದ ಗಿರಾಕಿನ್ನ ಹೊಳ್ಳಿ ಕಳಸೋ ಅಂಗಡಿ ಎಲ್ಲರೆ ಐತೇನ್ರಿ?"

ಗುರುವಿಗೆ ಅವನನ್ನು ನೋಯಿಸಿದೆನಲ್ಲ ಎಂದು ಸಂಕಟ. "ನಿಮ್ಮಲ್ಲಿ ವಿಶ್ರಾಂತಿಯ ದಿನ ಇಲ್ಲವೇ?" ಎಂದು ಕೇಳಿಸಿದರು.

"ಐತಿ. ಸೋಮವಾರ. ಬಸವಣ್ಣನ ವಾರ. ಕೊಳ್ಳಿಗೆ ನೊಗಾ ಇಡಂಗಿಲ್ಲ."

"ಅದ್ಭುತ! ಹಾಗಾದರೆ ಸೋಮವಾರ ನಿನಗೆ ರಜೆ!"

"ನನಗಲ್ರಿ, ಎತ್ತಿಗೆ!" ಡ್ರೈವರ್ ಕಪ್ಪು ಕುಕ್ಕಿದ. "ನಾ ಸೋಮವಾರ ಎರಡು ಬಾಡಗಿ ಹೊಡೀತೇನಿ."

೪. ಕೂದಲಿನ ಮೇಲೆ ಕೂದಲು

ಇಳಕಲ್ಲಿನ ನೇಕಾರರ ಮನೆಯಲ್ಲಿ ಗಂಡಸರೆಲ್ಲ ಮಗ್ಗದ ಹತ್ತಿರ ಮಾತಿಗೆ ಕೂತರು. ನಾನೂ ಗುರುವಿನ ಹೆಂಡತಿಯೂ ಒಳಗೆ, ಆ ಮನೆಯ ಮುದುಕಿಯ ಕೈಯಲ್ಲಿ ಸಿಕ್ಕೆವು.

"ಮದುವ್ಯಾದಾಕಿ, ತಲಿಮ್ಯಾಲ ಸೆರಗಿಲ್ಲಲ್ಲ?" ಎಂದಳು ಮುದುಕಿ.

"ಐತ್ರಿ ಆಯಿ. ಅವರಲ್ಲೂ ಮದುವ್ಯಾದವರು ಕೂದಲಾ ತೋರಸಂಗಿಲ್ಲ. ಆಕಿ ಹಾಕ್ಕೊಂಡದ್ದು ಕೂದಲದ ಟೋಪಿ."

ಮುದುಕಿ ಇದನ್ನು ಬಾಯಲ್ಲಿ ಹಾಕಿಕೊಂಡು ಅಗಿದಳು. "ಕೂದಲಾ ಕಾಣಬಾರದಂತ ಕೂದಲಾ ಮುಚ್ಚಿಕೊಂಡಾಳ. ಕೂದಲದಿಂದ."

"ಹೂಂ."

"ಶಾಣ್ಯಾಕಿ ಅದಾಳ," ಎಂದು ಎದ್ದು ಬಂದು ಟೋಪಿಯ ಒಂದು ಎಳೆ ಹಿಡಿದು, ನೂಲು ನೋಡುವ ಹಾಗೆ ಬೆಳಕಿಗೆ ಹಿಡಿದಳು. ಬೆರಳಲ್ಲಿ ತೀಡಿದಳು. "ಅಯ್ಯ ನಮ್ಮವ್ವ! ಇದು ನಂದು!"

"ಏನು ನಿಮ್ಮದು?"

"ಕೂದಲಾ! ತಿರುಪತ್ಯಾಗ ಮುಡಿ ಕೊಟ್ಟಿದ್ದೆ. ಪರದೇಶಕ್ಕ ಮಾರ್ತಾರಂತ ಆವಾಗ ಹೇಳಿದ್ರು. ನನ್ನ ಎಳಿ ನನಗ ಗೊತ್ತಾಗಂಗಿಲ್ಲೇನು?"

ನಾನು ನಗುತ್ತ ಅನುವಾದಿಸಿದೆ. ಅನುವಾದಿಸಬಾರದಿತ್ತು. ಗುರುವಿನ ಹೆಂಡತಿಯ ಮುಖ ಸುಣ್ಣವಾಯಿತು. ಬೇರೆ ದೇವರಿಗೆ ಅರ್ಪಿಸಿದ್ದನ್ನು ಅವರು ಬಳಸುವಂತಿಲ್ಲ, ಕೂದಲಾದರೂ ಅಷ್ಟೆ. ಅಂಗಡಿಯವನು ಆಣೆ ಮಾಡಿದ್ದನಂತೆ, ಇದು ಯುರೋಪಿನ ಮಾಲು ಅಂತ. ಪಾಪ, ಬಾಗಿಲು ಮುಂದಕ್ಕೆ ಮಾಡಿ ಅದನ್ನು ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಮುದುಕಿ ಕೊಟ್ಟ ಇಳಕಲ್ ಸೀರೆಯ ಸೆರಗಿನಲ್ಲಿ ತಲೆ ಸುತ್ತಿಕೊಂಡು ಅಳುವ ಹಾಗಾದಳು.

ನಾನು ಮುದುಕಿಯ ಕಡೆ ತಿರುಗಿದೆ. "ಆಯಿ, ನೀವು ಮುಡಿ ಕೊಟ್ಟಿದ್ದು ಯಾವಾಗ?"

"ಸಣ್ಣ ಮೊಮ್ಮಗಾ ಹುಟ್ಟಿದಾಗ."

"ಆವಾಗ ನಿಮ್ಮ ಕೂದಲಾ ಹೆಂಗಿದ್ವು?"

"ಬೆಳ್ಳಗ, ಹತ್ತಿ ಹಂಗ."

ಚೀಲದೊಳಗಿನದು ಅಚ್ಚ ಜೇನಿನ ಬಣ್ಣ. ನಾನು ಅದನ್ನು ತೋರಿಸಿದೆ. ಮುದುಕಿ ಒಂದು ಕ್ಷಣವೂ ಸೋಲಲಿಲ್ಲ.

"ಬಣ್ಣಾ ಹಾಕ್ಯಾರ. ನಮ್ಮ ಮನ್ಯಾಗ ದಿನಾ ಹಾಕೂದಿಲ್ಲೇನು?"

ಗುರುವಿನ ಹೆಂಡತಿ ಕೊನೆಯ ದಿನದವರೆಗೂ ಸೆರಗಿನಲ್ಲೇ ಉಳಿದಳು. ಆ ಇಬ್ಬರು ಹುಡುಗರು ಗೋಡೆಯಾಚೆಯಿಂದ ಎಲ್ಲ ಕೇಳಿಸಿಕೊಂಡು ಬಿದ್ದು ಬಿದ್ದು ನಕ್ಕಿದ್ದರು. "ನಾವು ಯಾವ ಪ್ರಾರ್ಥನೆಗೂ ಹೋಗುವವರಲ್ಲ," ಎಂದರು, "ಆದರೆ ನಿಮ್ಮ ಜೊತೆ ಮಜಾ ಇರುತ್ತೆ. ಬರ್ತೀವಿ."

೫. ತಿಜೋರಿಯ ಭಕ್ತಿ

ಒಂಬತ್ತಾಯಿತು. ಹತ್ತನೆಯವನ ಸುಳಿವು ಕೊಟ್ಟವಳು ಬಾದಾಮಿಯ ಖಾನಾವಳಿ ಅಕ್ಕ.

ಈ ಅಕ್ಕನ ಬಗ್ಗೆ ಹೇಳಬೇಕು. ಬೆಳಿಗ್ಗೆ ಊಟಕ್ಕೆ ಯಾರು ಬಂದರೂ ರೊಟ್ಟಿ ಬಡಿಯುತ್ತಲೇ ಕೇಳುತ್ತಾಳೆ: "ಲಿಂಗಪೂಜಿ ಆತೇನು?" ಆಗಿಲ್ಲ ಎಂದರೆ ಮೂಲೆಯಲ್ಲಿ ಒಂದು ಮಣೆ, ತಂಬಿಗೆ ನೀರು, ವಿಭೂತಿ. ಮುಗಿಸಿ ಬಂದರೆ ತಾಟು. ಗುರು ಇದನ್ನು ನೋಡಿ ಬೆರಗಾದರು. ಗುರುವನ್ನು ನೋಡಿ ಆಕೆಯೂ ಬೆರಗಾದಳು. ಅವರು ತಮ್ಮದೇ ಹೊಸ ಪಾತ್ರೆ ತಂದಿದ್ದರು, ಒಲೆ ತಾವೇ ಹಚ್ಚುತ್ತೇನೆಂದರು, ಹುಳ ಇರಬಾರದೆಂದು ಅಕ್ಕಿಯನ್ನು ಒಂದೊಂದೇ ಕಾಳು ಆರಿಸಿದರು.

"ನಮ್ಮ ಮನಿ ಸೊಸ್ಯಾರು ನೋಡಿ ಕಲೀಬೇಕು," ಎಂದಳು ಅಕ್ಕ. ಸಂಜೆಗೆ ಊರಲ್ಲಿ ಸುದ್ದಿ: ಅಕ್ಕನ ಒಲೆಯನ್ನು ಅಜ್ಜಾರು ಸ್ವಂತ ಕೈಯಿಂದ ಹಚ್ಚುತ್ತಾರೆ. ಗಿರಾಕಿ ಎರಡರಷ್ಟಾದರು.

"ಅಜ್ಜಾರ, ನೀವು ಬಿಸಲಾಗ ನಿಂತು ನಮ್ಮಾವೇನು, ನಮ್ಮಾವೇನು ಅಂತ ಕೇಳ್ತೀರಿ," ಎಂದು ಬುದ್ಧಿ ಹೇಳಿದಳು. "ಯಾಂವ ಹೂಂ ಅಂತಾನ? ಮೊದಲ ಉಂಡ್ರೇನು ಅಂತ ಕೇಳ್ರಿ."

ಗುರು ಇದನ್ನು ಗಂಭೀರವಾಗಿ ಒಪ್ಪಿಕೊಂಡರು.

ಆಕೆ ಹೇಳಿದ ಮನುಷ್ಯ ಕೂಡಲಸಂಗಮದಲ್ಲಿದ್ದ. ಅರ್ಜೆಂಟೀನಾದ ಯಹೂದಿ. ವಚನ ಓದಲು ಬಂದವನು ವರ್ಷಗಟ್ಟಲೆ ಅಲ್ಲೇ ಉಳಿದಿದ್ದ. ಲಿಂಗ ಕಟ್ಟಿಕೊಂಡಿರಲಿಲ್ಲ. ಒಬ್ಬ ಹಿರಿಯರು, ಮೊದಲು ನಿಮ್ಮ ಮನೆಯದನ್ನು ಕಲಿತು ಬಾ ಎಂದಿದ್ದರಂತೆ. ಅದನ್ನೂ ಕಲಿಯದೆ ಇದನ್ನೂ ಹಿಡಿಯದೆ, ದಿನಾ ಬೆಳಿಗ್ಗೆ ಹೊಳೆಯ ದಂಡೆಯಲ್ಲಿ ಬೇರೆಯವರು ಪೂಜೆ ಮಾಡುವುದನ್ನು ನೋಡುತ್ತ ಕೂತಿದ್ದ. ಕನ್ನಡ ಕಲಿತದ್ದೆಲ್ಲ ಪುಸ್ತಕದಿಂದ.

"ಬಂದಿರೇ? ಕುಳ್ಳಿರಿ, ಕುಳ್ಳಿರಿ," ಎಂದ ನಮ್ಮನ್ನು ಕಂಡು. ಡ್ರೈವರ್ ನನ್ನ ಕಿವಿಯಲ್ಲಿ, "ಇಂವಾ ನಾಟಕದಾಗ ಪಾರ್ಟ್ ಮಾಡ್ತಾನೇನ್ರಿ?" ಎಂದ.

ಗುರು ಮೊದಲು "ಊಟ ಆಯ್ತೇ?" ಎಂದು ಕೇಳಿದರು. ಆಗಿತ್ತು. ಅಲ್ಲಿಗೆ ಅಕ್ಕನ ಉಪಾಯ ಮುಗಿಯಿತು. ಆಮೇಲೆ ಬೇಡಿದರು, ವಾದಿಸಿದರು, ಹಗ್ಗದ ಹುಡುಗನ ಅಪ್ಪನ ಕತೆ ಹೇಳಿದರು. ಅವನು ಎಲ್ಲ ಕೇಳಿ ನನ್ನ ಕಡೆ ತಿರುಗಿದ. ನಾನು ಲಿಂಗಾಯತರ ಮನೆಯವಳೆಂದು ಖಾನಾವಳಿ ಅಕ್ಕ ಫೋನಿನಲ್ಲಿ ಮೊದಲೇ ಹೇಳಿದ್ದಳಂತೆ.

"ಇವರು ತಮ್ಮವನನ್ನು ಕರೆಯಲು ಬಂದಿದ್ದಾರೆ, ಸರಿ. ಅಕ್ಕಾ, ನಿಮ್ಮ ಕೊರಳ ಲಿಂಗವೆಲ್ಲಿ?"

ನಾನು ಇಂಥ ಪ್ರಶ್ನೆಯನ್ನು ಯಾವ ವಿಮಾನ ನಿಲ್ದಾಣದಲ್ಲೂ ಎದುರಿಸಿರಲಿಲ್ಲ. "ಬಾಗಲಕೋಟೆಯಲ್ಲಿ. ತಿಜೋರಿಯಲ್ಲಿ."

"ಪೂಜೆಯನ್ನು ತಿಜೋರಿಯೇ ಮಾಡುತ್ತಿದೆಯೇ?"

ಡ್ರೈವರ್ ಕೆಮ್ಮಿದ.

"ನೀವು ಒಂದು ಮುಂಜಾನೆ ಇಲ್ಲಿಗೆ ಬಂದು ಕೂತು ಪೂಜೆ ಮಾಡುವೆನೆಂದರೆ, ನಾನು ಅಲ್ಲಿಗೆ ಬಂದು ಹತ್ತನೆಯವನಾಗುವೆ."

"ನಾ ಇವರ ದುಬಾಷಿ, ಇವರ ಭಕ್ತಳಲ್ಲ," ಎಂದು ಸಿಡುಕಿ ಎದ್ದೆ. ಗಾಡಿಯಲ್ಲಿ ಗುರು, ಅವನು ನಿಮಗೆ ಏನೆಂದ ಎಂದು ಕೇಳಿದರು.

"ಹವಾ ಛಲೋ ಐತಿ ಅಂದ," ಎಂದೆ.

೬. ಲಾಭ, ಎರಡು, ಮೂರು

ಗುರುವಾರ ಇಳಿಹೊತ್ತು. ಖಾನಾವಳಿಯ ಮಾಳಿಗೆಯ ಮೇಲೆ ಚಾಪೆ. ಹೊತ್ತು ಮುಳುಗುವುದರೊಳಗೆ ಪ್ರಾರ್ಥನೆ ಆಗಬೇಕು, ಮುಳುಗಿದರೆ ಅವರಲ್ಲಿ ದಿನವೇ ಬದಲಾಗುತ್ತದೆ. ಗುರು ಒಂದು ಮೂಲೆಯಲ್ಲಿ ಹಗ್ಗದ ಹುಡುಗನಿಗೆ ಪ್ರಾರ್ಥನೆಯ ಮಾತು ಹೇಳಿಕೊಡುತ್ತಿದ್ದರು. ಗುಡ್ಡದ ನೆತ್ತಿಯಲ್ಲಿ ಒಂದೇ ಬೆರಳಿನಲ್ಲಿ ಜೋತುಬೀಳುವವನು ಇಲ್ಲಿ ಒಂದೊಂದು ಪದಕ್ಕೂ ಜಾರುತ್ತಿದ್ದ.

ನಾನು ಬೆರಳು ಮಾಡಿ ಒಂದು, ಎರಡು ಎನ್ನತೊಡಗಿದರೆ ಗುರು ಕೂಗಿದರು: "ಮನುಷ್ಯರನ್ನು ಎಣಿಸಬಾರದು!" ಎಣಿಸಿದರೆ ಕಣ್ಣು ಬೀಳುತ್ತದಂತೆ. ಹತ್ತು ಪದಗಳ ಒಂದು ಸಾಲು ಹೇಳುತ್ತ ಒಬ್ಬೊಬ್ಬರಿಗೆ ಒಂದೊಂದು ಪದ ಇಡಬೇಕಂತೆ.

"ನಮ್ಮಲ್ಲೂ ಜ್ವಾಳಾ ಅಳೆಯೋವಾಗ ಒಂದು ಅನ್ನಂಗಿಲ್ಲ, ಲಾಭ ಅಂತೀವಿ," ಎಂದಳು ಅಕ್ಕ ಮೆಚ್ಚಿ.

ಅಮೆರಿಕದ ಮುದುಕ ಒಬ್ಬ ಎದ್ದು ಆ ಸಾಲು ಹೇಳುತ್ತ ಬಂದ. ಕೊನೆಯ ಪದ ಕೊನೆಯ ಮನುಷ್ಯನ ಮೇಲೆ ಸರಿಯಾಗಿ ಕೂತಿತು. "ಹತ್ತು!" ಎಂದು ಕುಣಿದ. ಎಲ್ಲರೂ ತಬ್ಬಿಕೊಂಡರು. ಗುರು ಆಕಾಶ ನೋಡಿದರು.

"ತಡೀರಿ ತಡೀರಿ," ಅಕ್ಕ ಸೌಟಿನಿಂದ ತೋರಿಸಿದಳು. "ಆ ಕಡೀದಾಂವ ನಮ್ಮ ಪೈಕಿ. ನನ್ನ ತಂಗಿ ಮಗಾ."

ಸಣ್ಣ ಟೋಪಿ ಹಾಕಿಕೊಂಡು, ಕಣ್ಣು ಮುಚ್ಚಿ, ಎಲ್ಲರಿಗಿಂತ ಭಕ್ತಿಯಿಂದ ತೂಗಾಡುತ್ತ ನಿಂತಿದ್ದವನು ಡ್ರೈವರ್.

"ನಾ ಅಲ್ಲ ಅನ್ನಾಕ ಯಾರೂ ಕೇಳಲೇ ಇಲ್ರಿ," ಎಂದ.

ಒಂಬತ್ತು. ಬಿಸಿಲು ಗುಡ್ಡದ ಅಂಚಿಗೆ ಬಂದಿತ್ತು. ಹಗ್ಗದ ಹುಡುಗ ಕೈಯಲ್ಲಿದ್ದ ಹಾಳೆ ಮಡಚಿದ. "ಪರವಾಗಿಲ್ಲ," ಎಂದ. ಪರವಾಗಿಲ್ಲ ಎನ್ನುವವರ ಮುಖ ಹಾಗಿರುವುದಿಲ್ಲ.

ಅಕ್ಕ ನನ್ನ ಪಕ್ಕಕ್ಕೆ ಸರಿದಳು. "ತಂಗಿ, ಕೆಳಗ ಅಂವ ಕುಂತಾನ."

"ಯಾರು?"

"ಸಂಗಮದಾಂವಾ. ನಾನ ಫೋನ್ ಮಾಡಿ ಕರಿಸೇನಿ. ಶೇಂಗಾ ಹೋಳಗಿ ತಿನ್ನಾಕತ್ತಾನ. ನೀ ಹೂಂ ಅಂದ್ರ ಮ್ಯಾಲ ಬರ್ತಾನಂತ."

"ಇದು ಬ್ಲ್ಯಾಕ್‌ಮೇಲ್, ಅಕ್ಕಾ."

"ಅದಕ್ಕ ಏನಂತಾರೋ ನನಗ ಗೊತ್ತಿಲ್ಲ. ಹೊತ್ತು ಮುಳಗಾಕತ್ತೈತಿ ನೋಡು."

ಹುಡುಗನನ್ನು ನೋಡಿದೆ. ಹಾಳೆಯನ್ನು ಇನ್ನೂ ಸಣ್ಣಗೆ ಮಡಚುತ್ತಿದ್ದ. ಮಾಳಿಗೆಯ ಅಂಚಿಗೆ ಹೋಗಿ ಕೆಳಗೆ ಬಗ್ಗಿ ಕೂಗಿದೆ: "ಹೂಂ! ಹೂಂ ಮಾರಾಯಾ, ಹತ್ತು!"

ಸಂಗಮದವನು ಕೈ ತೊಳೆದುಕೊಂಡು ಹತ್ತಿದ. ಅವನು ಟೋಪಿಗಾಗಿ ತಡಕಾಡಿದಾಗ ಡ್ರೈವರ್ ತನ್ನದನ್ನು ತೆಗೆದುಕೊಟ್ಟು, ತಾನು ಮೆಟ್ಟಿಲ ಮೇಲೆ ಕೂತ. ಹಗ್ಗದ ಹುಡುಗ ಹಾಳೆ ಬಿಡಿಸಿ ಓದಿದ. ಧ್ವನಿ ಎರಡು ಕಡೆ ಒಡೆಯಿತು. ಒಡೆದಲ್ಲೆಲ್ಲ ಉಳಿದವರು ಆಮೇನ್ ಎಂದು ಎತ್ತಿ ಹಿಡಿದರು. ಎಲ್ಲಕ್ಕಿಂತ ದೊಡ್ಡ ಆಮೇನ್ ಮೆಟ್ಟಿಲ ಕಡೆಯಿಂದ ಬಂತು. ಈ ಸಲ ಗುರು ಬೇಡ ಎನ್ನಲಿಲ್ಲ.

೭. ಯಾವ ದೇಶದಾಕಿ

ಮಾತು ಕೊಟ್ಟಮೇಲೆ ತೀರಿಸಬೇಕು. ಮುಂದಿನ ವಾರ ಬಾಗಲಕೋಟೆಯ ತಿಜೋರಿಯಿಂದ ಬೆಳ್ಳಿಯ ಕರಡಿಗೆ ತೆಗೆದು, ಅದರೊಳಗಿನ ಲಿಂಗದ ಜೊತೆ ಮುಂಜಾನೆಯೇ ಕೂಡಲಸಂಗಮದ ದಂಡೆಗೆ ಹೋದೆ. ಮಿಂದು, ಒದ್ದೆ ಕೂದಲಲ್ಲಿ ಕೂತೆ. ಅರ್ಜೆಂಟೀನಾದವನು ನಾಲ್ಕು ಮಾರು ದೂರದಲ್ಲಿ ಕೂತು ಹೇಳಿಕೊಡತೊಡಗಿದ. ನೋಡಿ ನೋಡಿಯೇ ಎಲ್ಲ ಕಲಿತುಬಿಟ್ಟಿದ್ದ.

"ಬಲಗೈ ಅಲ್ಲ, ಎಡ ಅಂಗೈಯಲ್ಲಿ ಇಟ್ಟುಕೊಳ್ಳಿರಿ. ಎದೆಯ ಮಟ್ಟಕ್ಕೆ ಎತ್ತಿರಿ. ಅಷ್ಟು ಮೇಲಲ್ಲ."

ಎತ್ತಿದೆ. ವಿಭೂತಿ ಮೂಗಿನೊಳಗೆ ಹೋಯಿತು. ಸೀನಿದೆ.

"ಮೂರು ಬೆರಳಲ್ಲಿ ಹಚ್ಚಿರಿ. ಈಗ ಪತ್ರೆ. ಪತ್ರೆಯನ್ನು ಹಾಗಲ್ಲ. ಬೋರಲು ಮಾಡಿರಿ."

ಪತ್ರೆ ಹೊಳೆಗೆ ಬಿತ್ತು. ಬಗ್ಗಿ ಹಿಡಿಯಲು ಹೋಗಿ ತಂಬಿಗೆಯನ್ನೂ ಬೀಳಿಸಿದೆ. ಅದು ಠಣಠಣ ಮೆಟ್ಟಿಲಿಳಿದು ಹೋಯಿತು.

ಹಿಂದೆ ಸದ್ದಾಯಿತು. ಹುನಗುಂದದ ಕಡೆಯಿಂದ ಬಂದ ಹೆಣ್ಣುಮಕ್ಕಳ ಒಂದು ಗುಂಪು ಬುತ್ತಿಗಂಟು ಹಿಡಿದು ನಿಂತು ನೋಡುತ್ತಿತ್ತು. ಹಿರಿಯಾಕೆ ತಂಬಿಗೆ ಎತ್ತಿ ತಂದು ನನ್ನ ಮುಂದಿಟ್ಟಳು. ಕನಿಕರದಿಂದ ನನ್ನ ತಲೆ ಸವರಿದಳು. ಆಮೇಲೆ ನನಗೆ ಭಾಷೆ ತಿಳಿಯದೆಂದು ಖಾತ್ರಿ ಮಾಡಿಕೊಂಡವಳಂತೆ, ನೀಲಿ ಕಣ್ಣಿನ ಆ ಬಿಳಿಯನನ್ನು ಕೇಳಿದಳು:

"ಭಾಳ ಚಂದ ಕಲಸಾಕತ್ತೀಯಪ್ಪ, ನಿನಗ ಪುಣ್ಯೇ ಬರ್ಲಿ. ಪಾಪ, ಯಾವ ದೇಶದಾಕಿ ಈಕಿ?"

ಅವನು ನನ್ನನ್ನೊಮ್ಮೆ ನೋಡಿ, ನಿಧಾನಕ್ಕೆ, ಪುಸ್ತಕದ ಕನ್ನಡದಲ್ಲಿ ಹೇಳಿದ:

"ಬಹಳ ದೂರದವರು, ತಾಯಿ. ಬಾಗಲಕೋಟೆಯವರು."